ಬಟ್ಟಲು ಹಿಡಿದವಳು

ಜೀಪು ನಮ್ಮ ಕೇರಿಯ ತಿರುವಿನಲ್ಲಿ ನಿಂತಾಗ ನಾನು ಜಗಲಿಯಲ್ಲಿ ಕೂತು ಗಂಧದ ಪೆಟ್ಟಿಗೆಯೊಂದರ ಮುಚ್ಚಳದ ಮೇಲೆ ಬಳ್ಳಿ ಬಿಡಿಸುತ್ತಿದ್ದೆ. ಇಳಿದು ಬಂದವರು ಹೊಸನಗರದಾಚೆ ಘಟ್ಟದಂಚಿನಲ್ಲಿ ಸುರಂಗ ಕೊರೆಯುತ್ತಿದ್ದ ವಿದ್ಯುತ್ ಯೋಜನೆಯ ಇಂಜಿನಿಯರ್. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ಯೋಜನೆಯ ಜೀಪುಗಳು ಸಾಗರದ ಪೇಟೆಗೆ ಬರುವುದು ಹೊಸದೇನಲ್ಲ. ಆದರೆ ಮರ ಕೆತ್ತುವ ಗುಡಿಗಾರರಾದ ನಮ್ಮ ಕೇರಿಗೆ ಬರುವವರು ಆನೆ, ಗಣಪತಿ, ಗಂಧದ ಹಾರ ಕೊಳ್ಳಲು ಬರುತ್ತಿದ್ದರು. ಇವರು ಅದಾವುದನ್ನೂ ಕಣ್ಣೆತ್ತಿ ನೋಡಲಿಲ್ಲ. ಕಿಸೆಯಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿ ಅಪ್ಪನ ಮುಂದೆ ಇಟ್ಟರು.

ಸುಟ್ಟ ಮರದ ಒಂದು ಚೂರು. ಬಟ್ಟಲಿನ ಅಂಚಿನ ತುಂಡು ಅದು. ಅಂಚಿಗೆ ಮೂರು ಬೆರಳ ತುದಿಗಳು ಅಂಟಿಕೊಂಡಿದ್ದವು. ಬೆರಳುಗಳ ಹಿಂದೆ ಕೈ ಇರಲಿಲ್ಲ.

ಅಪ್ಪನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಚೂರನ್ನು ಹೆಬ್ಬೆರಳಿನಿಂದ ಸವರಿ, "ಗಟ್ಟಿ ಮರ. ನಮ್ ಕಡೇದಲ್ಲ ಇದು," ಎಂದ.

"ಆಫ್ರಿಕದ್ದು," ಎಂದರು ಇಂಜಿನಿಯರ್. "ಜೈರೆ ಅಂತ ದೇಶ. ಅಲ್ಲಿನ ತಾಮ್ರದ ಗಣೀಲಿ ಕೆಲ್ಸ ಮಾಡ್ತಿದ್ದೆ. ಅಲ್ಲೇ ಮದ್ವೆ ಆದೆ. ನನ್ನ ಹೆಂಡ್ತಿ ಲೂಬಾ ಜನ. ಇದು ಅವಳ ಅಜ್ಜಿ ಕಾಲದ ಮೂರ್ತಿ. ಒಬ್ಳು ಹೆಂಗ್ಸು ಬಟ್ಟಲು ಹಿಡ್ಕೊಂಡು ಕೂತಿರೋದು. ಯಾರೋ ಬೆಂಕಿಗೆ ಹಾಕಿಬಿಟ್ರು."

"ಮೂರ್ತಿ ಭಿನ್ನ ಆದ್ಮೇಲೆ ಕೈ ಹಾಕಬಾರದು," ಎಂದ ಅಪ್ಪ. "ಹೊಳೆಗೆ ಬಿಟ್ಟುಬಿಡಿ. ಬೇಕಾದ್ರೆ ಹೊಸದು ಮಾಡ್ಸಿ."

"ಹೊಸದಾದ್ರೂ ಮಾಡ್ಕೊಡಿ. ಅದೇ ಥರ ಇರ್ಲಿ. ಅವಳಿಗೆ ಏಳನೇ ತಿಂಗಳು ನಡೀತಿದೆ. ಹಿಂದೆ ಎರಡು ಸಲ ಕೈಬಿಟ್ಟು ಹೋಗಿದೆ. ಈಗ ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದಾಳೆ." ದೊಡ್ಡ ಹುದ್ದೆಯ ಮನುಷ್ಯರು ನಮ್ಮ ಜಗಲಿಯಲ್ಲಿ ಹಾಗೆ ಕಣ್ಣೊರೆಸಿಕೊಂಡದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅಪ್ಪನಿಂದ ಆಗುವ ಕೆಲಸವಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಹೋಗುತ್ತೇನೆ ಎಂದೆ. ಅಪ್ಪ ತಟ್ಟನೆ ನನ್ನ ಕಡೆ ತಿರುಗಿದ. "ಬಸುರಿ ಇರೋ ಮನೆಗೆ ನೀನು..." ಎಂದು ಮಾತು ನುಂಗಿಕೊಂಡ.

ಅವನು ನುಂಗಿದ ಮಾತನ್ನು ಇಲ್ಲಿ ಹೇಳಿಬಿಡುತ್ತೇನೆ. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ನನ್ನನ್ನು ತವರಿಗೆ ತಂದು ಬಿಟ್ಟಿದ್ದರು. ಅಂದಿನಿಂದ ನಮ್ಮ ಕೇರಿಯಲ್ಲಿ ಯಾರ ಸೀಮಂತವಾದರೂ ನನಗೆ ಕರೆ ಬರುತ್ತಿರಲಿಲ್ಲ. ತೊಟ್ಟಿಲಿಗೆ ಬಳ್ಳಿ ಕೊರೆಯುವ ಕೆಲಸ ಬಂದರೆ ಅಪ್ಪ ತಾನೇ ಮಾಡುತ್ತೇನೆಂದು ಹೇಳಿ ಒಪ್ಪಿಕೊಳ್ಳುತ್ತಿದ್ದ. ನಾನು ಒಳಗೆ ಕೂತು ಮಾಡುತ್ತಿದ್ದೆ. ಕೊಂಡವರಿಗೆ ಅದು ಗೊತ್ತಾಗುತ್ತಿರಲಿಲ್ಲ.

ಇಂಜಿನಿಯರರಿಗೆ ಇದಾವುದೂ ತಿಳಿಯದು. ಮರುದಿನ ಹೊಸನಗರದವರೆಗೆ ಬಸ್ಸಿನಲ್ಲಿ, ಅಲ್ಲಿಂದ ಅವರ ಜೀಪಿನಲ್ಲಿ ಹೋದೆ.

ಕಾಲೋನಿಯೆಂದರೆ ಕಾಡು ಕಡಿದು ಮಟ್ಟ ಮಾಡಿದ ಗುಡ್ಡದ ಮೇಲೆ ಸಾಲಾಗಿ ನಿಂತ ಸಿಮೆಂಟ್ ಶೀಟಿನ ಮನೆಗಳು. ಕೆಳಗೆ ಕೂಲಿಯವರ ಲೈನು. ಸುರಂಗದಲ್ಲಿ ಮದ್ದು ಹಾರಿಸಿದಾಗ ನೆಲ ನಡುಗಿ, ಅಡಿಗೆಮನೆಯ ಪಾತ್ರೆಗಳೆಲ್ಲ ಒಮ್ಮೆ ಸದ್ದು ಮಾಡಿ ಸುಮ್ಮನಾಗುತ್ತಿದ್ದವು. ಇಂಜಿನಿಯರರ ಹೆಂಡತಿ ಒಳಕೋಣೆಯ ಮಂಚದ ಮೇಲೆ ಮಲಗಿದ್ದಳು. ಎತ್ತರದ, ಅಗಲ ಹಣೆಯ ಹೆಂಗಸು. ಕಾಲು ಬಾತು ಹೊಳೆಯುತ್ತಿದ್ದವು. ಪಕ್ಕದಲ್ಲಿ, ಮಗುವನ್ನು ಮಲಗಿಸಿದಂತೆ, ಬಿಳಿ ಬಟ್ಟೆಯಲ್ಲಿ ಸುತ್ತಿದ ಮರದ ಮೂರ್ತಿ.

ಆ ಮನೆಯ ಕೆಲಸಕ್ಕೆ ಪಕ್ಕದ ಹಳ್ಳಿಯ ಹೆಂಗಸೊಬ್ಬಳು ಬರುತ್ತಿದ್ದಳು. ನಡೆದದ್ದನ್ನು ಅವಳೇ ಹಿತ್ತಲಿನಲ್ಲಿ ನನಗೆ ಹೇಳಿದಳು. "ಅಮ್ಮ ಇದನ್ನ ಬಾಗಿಲ ಹತ್ರ ಕೂರ್ಸಿದ್ರು. ಬಸುರಿ ಮನೆ ಮುಂದೆ ಇಡೋದಂತೆ ಅವ್ರ ಕಡೆ. ಹೋಗೋ ಬರೋರೆಲ್ಲ ಅದ್ರ ಬಟ್ಲಿಗೆ ಏನಾದ್ರೂ ಹಾಕಿ ಒಳ್ಳೇದಾಗ್ಲಿ ಅಂತಾರಂತೆ. ಇಲ್ಲಿ ಯಾರು ಹಾಕ್ತಾರೆ? ಮಕ್ಳು ಕಂಡ್ರೆ ಓಡ್ತಿದ್ವು. ಆಮೇಲೆ ಸುರಂಗದಾಗೆ ಬಂಡೆ ಬಿದ್ದು ಒಬ್ಬ ಹೋದ ನೋಡಿ, ಆಗ ಶುರುವಾತು. ಕರೀ ಗೊಂಬೆ ಮಾಟ ಮಾಡೈತೆ ಅಂದ್ರು. ಇವ್ರು ತೀರ್ಥಹಳ್ಳಿಗೆ ಡಾಕ್ಟ್ರ ಹತ್ರ ಹೋಗಿದ್ದಾಗ ಯಾರೋ ಎತ್ಕೊಂಡೋಗಿ ಟಾರು ಕಾಸೋ ಒಲೆಗೆ ಹಾಕ್ಯಾರೆ. ನಾನೇ ಇಕ್ಕಳ ಹಾಕಿ ಎಳ್ದೆ." ತನ್ನ ಮುಂಗೈ ತೋರಿಸಿದಳು. ಸುಟ್ಟ ಗಾಯ ಇನ್ನೂ ಮಾಗಿರಲಿಲ್ಲ.

ಮೂರ್ತಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಮೊಳಕ್ಕಿಂತ ತುಸು ಚಿಕ್ಕದು. ಕಾಲು ಮುಂದಕ್ಕೆ ಚಾಚಿ ಕೂತ ಹೆಂಗಸು. ಎರಡೂ ಕೈ ಮೊಣಕೈಯಿಂದ ಕೆಳಗೆ ಬೂದಿಯಾಗಿದ್ದವು. ತೊಡೆಗಳ ನಡುವೆ ಇದ್ದ ಬಟ್ಟಲು ಪೂರಾ ಹೋಗಿತ್ತು. ಎಡಗೆನ್ನೆ, ಎಡ ಭುಜ ಇದ್ದಿಲು. ಹಿಂದಲೆಯ ಜಡೆ ಮಾತ್ರ ಉಳಿದಿತ್ತು. ಅಡ್ಡಕ್ಕೂ ಉದ್ದಕ್ಕೂ ಹೆಣೆದು ಹೂವಿನಂತೆ ಕಟ್ಟಿದ ಜಡೆ. ಹೊಟ್ಟೆಯೂ ಉಳಿದಿತ್ತು. ಹೊಕ್ಕುಳ ಸುತ್ತ ಉಬ್ಬಿದ ಗೀರುಗಳು, ಚುಕ್ಕೆಗಳು, ಸಾಲು ಸಾಲಾಗಿ. ಎಷ್ಟೋ ಕೈಗಳು ಎಣ್ಣೆ ಹಚ್ಚಿ ತಿಕ್ಕಿದ್ದರಿಂದ ಆ ಭಾಗ ನುಣ್ಣಗೆ, ಜೀವದ ಮೈಯಂತೆ ಇತ್ತು.

ಅದನ್ನು ಸಾಗರಕ್ಕೆ ಒಯ್ಯಲು ಆಕೆ ಒಪ್ಪಲಿಲ್ಲ. ಕೈವಾರ ಹಿಡಿದು ಅಳತೆ ತೆಗೆದುಕೊಂಡೆ. ಸುಟ್ಟ ಕಡೆಯ ಅಳತೆಯನ್ನು ಉಳಿದ ಕಡೆಯಿಂದ ಊಹಿಸಿಕೊಂಡೆ. ಊರಿಗೆ ಬಂದು ಹೊಸದನ್ನು ಶುರು ಮಾಡಿದೆ.

ಶಿವನೆ ಮರದ ತುಂಡು ತಂದೆ. ಉಳಿಗೆ ಸುಲಭವಾಗಿ ಬಗ್ಗುವ ಮರ, ಬೇಗ ಮುಗಿಯಬೇಕಿತ್ತು. ಆ ಅವಸರವೇ ತಪ್ಪಾಯಿತು. ಮೈ ಒರಟಾಗಿ ಇಳಿಸುವವರೆಗೆ ಸರಿಯಿತ್ತು. ಮುಖಕ್ಕೆ ಬಂದಾಗ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಹುಟ್ಟಿದಾಗಿನಿಂದ ಲಕ್ಷ್ಮಿ, ಸರಸ್ವತಿ ಬಿಡಿಸಿದ ಕೈ. ಹುಬ್ಬು ತಾನೇ ಬಿಲ್ಲಾಗುತ್ತಿತ್ತು, ತುಟಿಯ ಕೊನೆಯಲ್ಲಿ ನಗು ಏಳುತ್ತಿತ್ತು. ಕೊನೆಗೆ, ನಮ್ಮಲ್ಲಿ ಮಾಡುವಂತೆಯೇ, ಕಣ್ಣು ಬಿಡಿಸಿದೆ. ನಮ್ಮ ಕಸುಬಿನಲ್ಲಿ ಅದು ಎಲ್ಲಕ್ಕಿಂತ ಕೊನೆಯ ಕೆಲಸ. ಕಣ್ಣು ಬಿಡಿಸುವವರೆಗೆ ಅದು ಮರ, ಬಿಡಿಸಿದ ಮೇಲೆ ದೇವಿ.

ಹೊಸ ಮೂರ್ತಿಯನ್ನು ಕಾಲೋನಿಗೆ ಒಯ್ದು ಆಕೆಯ ಕೈಗಿಟ್ಟೆ. ಆಕೆ ದಿಂಬಿಗೆ ಒರಗಿ ಎದ್ದು ಕೂತು ಬಹಳ ಹೊತ್ತು ನೋಡಿದಳು. ಆಕೆಯ ಕನ್ನಡವೆಲ್ಲ ಕೆಲಸದವಳಿಂದ ಕಲಿತದ್ದು. ಗೊತ್ತಿರುವ ಮಾತನ್ನು ಒಂದೊಂದಾಗಿ ಆರಿಸಿ ಇಡುತ್ತಿದ್ದಳು.

"ಇವಳು ಚೆಂದ ಇದಾಳೆ," ಎಂದಳು. "ಆದ್ರೆ ನನ್ನ ನೋಡ್ತಾಳೆ. ನಮ್ಮೋಳು ಯಾರನ್ನೂ ನೋಡಲ್ಲ. ಕಣ್ಣು ಒಳಗೆ."

ಮೂರ್ತಿಯನ್ನು ನನಗೇ ಕೊಟ್ಟು ಗೋಡೆಯ ಕಡೆ ಹೊರಳಿದಳು. ಇಂಜಿನಿಯರ್ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. "ಇನ್ನೊಮ್ಮೆ ಮಾಡಿ," ಎಂದರು. ಅವರ ದನಿಯಲ್ಲಿ ನಂಬಿಕೆ ಇರಲಿಲ್ಲ. ಮತ್ತೆ ಅಳತೆ ತೆಗೆಯಲೆಂದು ಅಲ್ಲೇ ಉಳಿದೆ. ಎರಡು ದಿನ ಕಳೆಯುವುದರೊಳಗೆ ಆ ಹೊಸ ಮೂರ್ತಿ ಕುತ್ತಿಗೆಯಿಂದ ಹೊಟ್ಟೆಯವರೆಗೆ ಸೀಳಿತು. ಮರ ಒಳಗೆ ಹಸಿಯಿತ್ತು. ಸೀಳು ಹೊಕ್ಕುಳ ಮೇಲೆಯೇ ಹಾದುಹೋಗಿತ್ತು. ಅದನ್ನು ಆಕೆಯ ಕಣ್ಣಿಗೆ ಬೀಳದಂತೆ ಸೆರಗಿನಲ್ಲಿ ಮುಚ್ಚಿ ಹಿತ್ತಲಿಗೆ ಒಯ್ದೆ. ಕೆಲಸದವಳು ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅವಳ ಮನಸ್ಸಿನಲ್ಲಿ ಏನು ಹೊಳೆಯಿತೋ ತಿಳಿಯದು, ನನ್ನ ಮನಸ್ಸಿನಲ್ಲಿ ಹೊಳೆದದ್ದು ಇದು: ನನ್ನ ಕೈಯಿಂದ ಆದದ್ದಕ್ಕೇ ಹೀಗಾಯಿತು.

ವಾಪಸ್ಸು ಹೋಗಿಬಿಡೋಣ ಎನ್ನಿಸಿತು. ಚೀಲ ಕಟ್ಟಿದೆ. ಹೇಳಿ ಹೊರಡೋಣವೆಂದು ಒಳಕೋಣೆಗೆ ಹೋದೆ. ಆಕೆ ನಿದ್ದೆಯಲ್ಲಿ ಇರಲಿಲ್ಲ. ಬಿಳಿ ಬಟ್ಟೆ ಸರಿಸಿ, ಸುಟ್ಟವಳ ಹೊಟ್ಟೆಯ ಮೇಲೆ ಬೆರಳಾಡಿಸುತ್ತಿದ್ದಳು. ಕುರುಡರು ದಾರಿಯ ಗೋಡೆಯನ್ನು ಮುಟ್ಟುತ್ತಾ ಹೋಗುವಂತೆ ಬೆರಳು ಒಂದೊಂದು ಗೀರನ್ನೂ ಹುಡುಕಿ ಮುಂದೆ ಹೋಗುತ್ತಿತ್ತು.

"ಅಜ್ಜಿ ಹೊಟ್ಟೇಲಿ ಹೀಗೇ ಇತ್ತು," ಎಂದಳು. "ನಿಜ ಹೊಟ್ಟೆ. ಚರ್ಮದಲ್ಲಿ. ಸಣ್ಣೋಳಿದ್ದಾಗ ಮುಟ್ತಾ ಮುಟ್ತಾ ಮಲಗ್ತಿದ್ದೆ. ಅಜ್ಜಿ ಓದು ಅಂತಿದ್ಲು. ಅಕ್ಷರ ಅಲ್ಲ. ಆದ್ರೂ ಓದು."

ನಾನು ನೆಲದ ಮೇಲೆ ಕೂತೆ. ಆಕೆ ನನ್ನ ಕೈ ಹಿಡಿದು ಆ ಗೀರುಗಳ ಮೇಲೆ ಇಟ್ಟಳು. ಬಸುರಿಯೊಬ್ಬಳು ತಾನಾಗಿ ನನ್ನ ಕೈ ಹಿಡಿದು ಎಷ್ಟು ವರ್ಷಗಳಾಗಿದ್ದವೋ.

ಆ ಸ್ಪರ್ಶದಲ್ಲಿ ನನಗೆ ಒಂದು ಸಂಗತಿ ತಿಳಿಯಿತು. ಇದ್ದಿಲಿನ ಒಳಗೆ ಮರ ಗಟ್ಟಿಯಾಗಿಯೇ ಇತ್ತು. ಬೆಂಕಿ ಹೊರಗಿನಿಂದ ಒಂದು ಬೆರಳು ದಪ್ಪ ತಿಂದಿತ್ತು, ಅಷ್ಟೆ. ಹೊಸ ಹೆಂಗಸನ್ನು ನಾನು ಎಷ್ಟು ಸಲ ಮಾಡಿದರೂ ಅವಳು ನನ್ನ ಕಡೆಯವಳೇ ಆಗುತ್ತಾಳೆ. ಆದರೆ ಈ ಹೆಂಗಸಿಗೆ ಕೈ ಕೊಡಬಹುದು, ಬಟ್ಟಲು ಕೊಡಬಹುದು. ಮುಖವನ್ನು ನಾನು ಮುಟ್ಟಬೇಕಾಗಿಲ್ಲ. ಭಿನ್ನವಾದದ್ದಕ್ಕೆ ಉಳಿ ಹಚ್ಚಬಾರದೆಂಬುದು ನಮ್ಮ ಮನೆಯ ನೇಮ. ಅದನ್ನು ಮೀರಿದರೆ ಅಪ್ಪ ಏನೆನ್ನುತ್ತಾನೆ ಎಂದು ಗೊತ್ತಿತ್ತು.

"ಇವಳನ್ನೇ ಸರಿ ಮಾಡ್ತೀನಿ," ಎಂದೆ. "ಸುಟ್ಟಿದ್ದು ಸುಟ್ಟ ಹಾಗೇ ಇರ್ತದೆ. ಕೈ ಮಾತ್ರ ಮಾಡ್ತೀನಿ. ಆದ್ರೆ ನೀವು ಉಣ್ಬೇಕು. ಉಣ್ಣದೇ ಇದ್ರೆ ನಾ ಉಳಿ ಎತ್ತಲ್ಲ."

ಅಂದು ಆಕೆ ಗಂಜಿ ಕುಡಿದಳು.

ನಾನು ಕಾಲೋನಿಯಲ್ಲೇ ಉಳಿದೆ. ಅಡಿಗೆಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ ಹಾಸಿಗೆ, ಹಿಂದಿನ ವರಾಂಡದಲ್ಲಿ ಕೆಲಸ. ಮೊದಲು ಸಡಿಲ ಇದ್ದಿಲನ್ನು ಮೊಂಡು ಅಲಗಿನಿಂದ, ತೆಂಗಿನ ನಾರಿನಿಂದ ಉಜ್ಜಿ ತೆಗೆದೆ. ಜೇನುಮೇಣಕ್ಕೆ ಹಾಲುಮಡ್ಡಿಯ ಅಂಟು ಕರಗಿಸಿ, ಬೆಚ್ಚಗಿರುವಾಗಲೇ ಬಟ್ಟೆಯಲ್ಲಿ ಅದ್ದಿ, ಸುಟ್ಟ ಮೈಗೆ ಒತ್ತಿ ಒತ್ತಿ ಕುಡಿಸಿದೆ. ತಣಿದ ಮೇಲೆ ಕರಿ ಉದುರುವುದು ನಿಂತಿತು. ಈ ಸಲ ಮರದ ವಿಷಯದಲ್ಲಿ ಅವಸರ ಮಾಡಲಿಲ್ಲ. ಅಪ್ಪನಿಗೆ ಹೇಳಿಕಳಿಸಿ, ನಮ್ಮ ಅಟ್ಟದಲ್ಲಿದ್ದ ಹಳೆಯ ಹಲಸಿನ ಬಾಗಿಲ ದಾರಂದದ ತುಂಡು ತರಿಸಿಕೊಂಡೆ. ತಲೆಮಾರುಗಳ ಕಾಲ ಹೊಗೆ ತಿಂದು ಒಣಗಿದ ಮರ. ಅದು ಸೀಳುವುದಿಲ್ಲ. ಯಾಕೆ ಬೇಕೆಂದು ಹೇಳಿರಲಿಲ್ಲ. ಅಪ್ಪ ಕೇಳದೆ ಕಳಿಸಿದ.

ಕೈಗಳು ಹೇಗಿದ್ದವು ಎಂಬುದಕ್ಕೆ ಉಳಿದದ್ದು ಆ ಮೂರು ಬೆರಳ ತುದಿ ಮಾತ್ರ. ಬಟ್ಟಲನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳು, ಮುಂಗೈ ಎಲ್ಲಿ ಬಾಗಿತ್ತು, ಒಂದೂ ಗೊತ್ತಿಲ್ಲ. ಕೇಳಿದ್ದಕ್ಕೆ ಆಕೆ ಮಂಚದಿಂದ ಇಳಿದು ಬಂದಳು. ಗಂಡ ಬೇಡವೆಂದರೂ ಕೇಳದೆ ವರಾಂಡದ ನೆಲದ ಮೇಲೆ ಕಾಲು ಚಾಚಿ ಕೂತು, ಅಕ್ಕಿ ತೊಳೆಯುವ ಅಲ್ಯೂಮಿನಿಯಂ ಬೋಗುಣಿಯನ್ನು ತೊಡೆಗಳ ನಡುವೆ ಇಟ್ಟುಕೊಂಡಳು. ಆಕೆಯ ಹೊಟ್ಟೆ ಬೋಗುಣಿಗೆ ತಾಗುತ್ತಿತ್ತು. ಎರಡೂ ಅಂಗೈಗಳನ್ನು ಅದರ ಬದಿಗೆ ಒತ್ತಿ, ಕಣ್ಣು ತಗ್ಗಿಸಿದಳು.

ನಾನು ಬಿಗಿ ಹಿಡಿತವೆಂದು ಊಹಿಸಿದ್ದೆ. ಅದು ಹಿಡಿತವೇ ಅಲ್ಲ. ಬೆರಳುಗಳು ನೀಳವಾಗಿ, ತಮ್ಮ ಪಾಡಿಗೆ ತಾವು ಒರಗಿದ್ದವು.

"ಬಟ್ಲಲ್ಲಿ ಏನಿರ್ತದೆ?" ಎಂದೆ.

"ಬಿಳಿ ಮಣ್ಣು." ಒಳಕೋಣೆಯ ಕಡೆ ತೋರಿಸಿ, ಒಂದು ಗಂಟು ತಲೆದಿಂಬಿನ ಕೆಳಗೆ ಇದೆ ಎಂದಳು. "ಹೊಳೆ ಹತ್ರ ಸಿಗ್ತದೆ. ಸತ್ತೋರ ಲೋಕ ಬಿಳಿ. ಚಂದ್ರ ಬಿಳಿ. ಒಳ್ಳೆ ಸುದ್ದಿ ಬಂದ್ರೆ ಮೈಗೆ ಹಚ್ತೀವಿ."

"ಇವಳು ಮಕ್ಕಳ ದೇವ್ರಾ? ತಾಯಿನಾ?"

ಆಕೆ ತಲೆಯಾಡಿಸಿದಳು. ಸರಿಯಾದ ಮಾತು ಸಿಗದೆ ಗಂಡನಿಗೆ ತನ್ನ ಭಾಷೆಯಲ್ಲಿ ಹೇಳಿದಳು. ಅವರು ಕನ್ನಡದಲ್ಲಿ ಹೇಳಿದರು: "ದೇವರಲ್ಲ. ತಾಯಿನೂ ಅಲ್ಲ. ಅವರಲ್ಲಿ ಅರಸ ಸತ್ರೆ ಅವನ ಆತ್ಮ ಒಬ್ಬ ಹೆಂಗಸಿನ ಮೈಗೆ ಬರ್ತದಂತೆ. ಗಂಡಸಿನ ಮೈಗೆ ಬಂದ್ರೆ ತಡ್ಕೊಳ್ಳೋದಿಲ್ಲ, ಒಡೆದು ಹೋಗ್ತದೆ. ಅದಕ್ಕೇ ಅರಸರ ಪೀಠ ಹೊರೋದೂ ಹೆಂಗಸಿನ ಬೊಂಬೆಯೇ, ಕಣಿ ಹೇಳೋರ ಬಟ್ಟಲು ಹಿಡಿಯೋದೂ ಹೆಂಗಸೇ. ಇವಳ ಅಜ್ಜಿ ಕಣಿ ಹೇಳ್ತಿದ್ಲು."

ಆಕೆ ತಾನೇ ಒಂದು ಮಾತು ಸೇರಿಸಿದಳು. "ಹೆತ್ತೋಳಲ್ಲ ಇವಳು. ಹಿಡ್ಕೊಳ್ಳೋಳು."

ನಾನು ಉಳಿ ಕೆಳಗಿಟ್ಟೆ. ನನ್ನ ಸಂಗತಿ ಅವರಿಗೆ ಹೇಳಿರಲಿಲ್ಲ. ಹೇಳಿದರೆ ಕಳಿಸಿಬಿಡುತ್ತಾರೆಂಬ ಹೆದರಿಕೆಯಿತ್ತು. ಅಂದು ಹೇಳಿದೆ. ನನಗೆ ಮಕ್ಕಳಿಲ್ಲ, ನಮ್ಮಲ್ಲಿ ನನ್ನಂಥವರು ಬಸುರಿಯ ಹತ್ತಿರ ಹೋಗಬಾರದು ಎಂದೆ. ಇಂಜಿನಿಯರ್ ತಲೆ ತಗ್ಗಿಸಿದರು. ಆಕೆಗೆ ಅರ್ಥವಾಯಿತೋ ಇಲ್ಲವೋ, ಬೋಗುಣಿಯನ್ನು ನನ್ನ ಕಡೆ ಸರಿಸಿ, "ಈಗ ನೀ ಕೂತು ನೋಡು. ಕೈಗೆ ಗೊತ್ತಾಗ್ತದೆ," ಎಂದಳು. ಕೂತೆ. ಗೊತ್ತಾಯಿತು. ಭಾರ ಬೆರಳಲ್ಲಿ ಇಲ್ಲ, ಮೊಣಕೈಯಲ್ಲಿದೆ.

ಮೊದಲು ಬಟ್ಟಲು ಮುಗಿಸಿದೆ. ಹೊರಗೆ ದುಂಡು, ಒಳಗೆ ತೆಳ್ಳಗೆ. ಮೂರ್ತಿಯ ಬಟ್ಟಲು ಅಂಗೈಯಲ್ಲಿ ಹಿಡಿಸುವಷ್ಟೇ ಇರಬೇಕಿತ್ತು; ಹೊಂದಿಸಿ ನೋಡಿದಾಗ ತೊಡೆಗಳ ನಡುವೆ ಸರಿಯಾಗಿ ಕೂತಿತು. ಆಮೇಲೆ ಬಲಗೈ. ಮೊಣಕೈಯ ಬಳಿ ಸುಟ್ಟ ತುದಿಯನ್ನು ಗಟ್ಟಿ ಮರದವರೆಗೆ ಕತ್ತರಿಸಿ, ತೂತು ಕೊರೆದು, ಬಿದಿರಿನ ಬೆಣೆ ಹಾಕಿ ಜೋಡಿಸಬೇಕು. ಕೊರೆಯುವಾಗ ಎಡ ಭುಜದಿಂದ ಒಂದು ಹೋಳು ಕಳಚಿ ಬಿತ್ತು. ಮತ್ತೆ ಮೇಣ ಕುಡಿಸಿ, ದಾರ ಸುತ್ತಿ, ಒಣಗಲು ಬಿಟ್ಟೆ. ಎಡಗೈ ಮೂರು ಸಲ ಹಾಳಾಯಿತು. ಬೆರಳು ಸಣ್ಣಗಾಗುತ್ತಾ ಬಂದಾಗ ಸುರಂಗದಲ್ಲಿ ಮದ್ದು ಹಾರಿ ನೆಲ ನಡುಗಿ ಉಳಿ ಜಾರುತ್ತಿತ್ತು. ಇತ್ತ ಆಕೆಯ ಕಾಲಿನ ಬಾವು ಮುಖಕ್ಕೂ ಏರಿತು. ರಕ್ತದೊತ್ತಡ ಇಳಿಯುತ್ತಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆಕೆ ದಿನವೂ ವರಾಂಡದ ಬಾಗಿಲಿಗೆ ಬಂದು, "ಆಯ್ತಾ?" ಎಂದು ಕೇಳುತ್ತಿದ್ದಳು. ನಾನು ಹಾಳಾದ ಕೈಯನ್ನು ಬಟ್ಟೆಯಡಿ ಸರಿಸಿ ಮತ್ತೆ ಉಳಿ ಎತ್ತಿಕೊಳ್ಳುತ್ತಿದ್ದೆ.

ಎಡಗೈ ಕೊನೆಗೂ ಸರಿ ಬಂದ ಮರುದಿನ ಬೆಳಿಗ್ಗೆ ಆಕೆಗೆ ನೋವು ಶುರುವಾಯಿತು. ದಿನ ತುಂಬಲು ಇನ್ನೂ ಬಹಳ ಇತ್ತು. ಬಾಣಲೆ ಬಿದ್ದ ಸದ್ದಿಗೆ ನಾನೂ ಕೆಲಸದವಳೂ ಓಡಿದೆವು. ಆಕೆ ಅಡಿಗೆಮನೆಯ ಗೋಡೆ ಹಿಡಿದು ನಿಂತಿದ್ದಳು. ಕಾಲ ಬುಡದಲ್ಲಿ ರಕ್ತ.

ಜೀಪು ಬಂತು. ಆಕೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಆಕೆ ನನ್ನ ರಟ್ಟೆ ಹಿಡಿದು, "ಅವಳನ್ನ ತಾ. ಬಾಗಿಲಲ್ಲಿ ಕೂರ್ಸು," ಎಂದಳು.

ವರಾಂಡಕ್ಕೆ ಓಡಿದೆ. ಮೂರ್ತಿಯ ಭುಜಕ್ಕೆ ದಾರ ಸುತ್ತಿತ್ತು, ಮೇಣ ಪೂರಾ ಗಟ್ಟಿಯಾಗಿರಲಿಲ್ಲ. ಕೈಗಳು ಇನ್ನೂ ಬೇರೆಯಾಗಿ ಬಟ್ಟೆಯ ಮೇಲೆ ಮಲಗಿದ್ದವು. ತೀರ್ಥಹಳ್ಳಿಯ ದಾರಿಯ ಗುಂಡಿಗಳಲ್ಲಿ ಆ ಮೂರ್ತಿ ಉಳಿಯುವುದಿಲ್ಲ. ಭುಜ ಹೋದರೆ ಕುತ್ತಿಗೆಯೂ ಹೋಗುತ್ತದೆ. ಅದನ್ನು ಒಯ್ದು ಆಕೆಯ ಕಣ್ಣೆದುರೇ ಚೂರು ಮಾಡಲೇ, ಬಿಟ್ಟು ಹೋಗಿ ಬರಿಗೈಯಲ್ಲಿ ನಿಲ್ಲಲೇ? ಬಟ್ಟಲೊಂದನ್ನೇ ಎತ್ತಿಕೊಂಡು ಬಂದು ಜೀಪು ಹತ್ತಿದೆ.

"ಅವಳು?" ಎಂದಳು ಆಕೆ.

"ಅವಳ ಕೈ ಇನ್ನೂ ಕೂತಿಲ್ಲ. ನಾನು ಕೂರ್ತೀನಿ."

ಆಕೆ ನನ್ನನ್ನು ನೋಡಿದಳು. ಗಂಡನಿಗೆ ಏನೋ ಹೇಳಿದಳು. ಅವರು ಮನೆಯೊಳಗೆ ಓಡಿ ದಿಂಬಿನ ಕೆಳಗಿನ ಗಂಟನ್ನು ತಂದು ಕೊಟ್ಟರು. ಜೀಪು ಓಲಾಡುತ್ತಿದ್ದಾಗಲೇ ಆಕೆ ಒಂದು ಚೂರು ಬಿಳಿ ಮಣ್ಣನ್ನು ಮುರಿದು, ಬಟ್ಟಲಿನಲ್ಲಿ ಹಾಕಿದಳು.

ಆಸ್ಪತ್ರೆಯಲ್ಲಿ ಆಕೆಯನ್ನು ಒಳಗೆ ಒಯ್ದರು. ಸ್ವಲ್ಪ ಹೊತ್ತಿನಲ್ಲೇ ನರ್ಸ್ ಬಂದು ರಕ್ತ ಬೇಕೆಂದಳು. ಇಂಜಿನಿಯರರ ರಕ್ತ ಹೊಂದಲಿಲ್ಲ. ಡ್ರೈವರನದು ಹೊಂದಿತು. ಇನ್ನೂ ಬೇಕೆಂದು ಇಂಜಿನಿಯರ್ ಪೇಟೆಯ ಕಡೆ ಓಡಿದರು. ಹೆರಿಗೆ ಕೋಣೆಯ ಮುಂದೆ ನಾನೊಬ್ಬಳೇ ಉಳಿದೆ.

ಅಲ್ಲೊಂದು ಬೆಂಚಿತ್ತು, ಅದರ ಮೇಲೆ ಕೂರಲಿಲ್ಲ. ಬಾಗಿಲ ಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತು, ಬಟ್ಟಲನ್ನು ಮಡಿಲಲ್ಲಿ ಇಟ್ಟುಕೊಂಡು, ಆಕೆ ತೋರಿಸಿದಂತೆ ಎರಡೂ ಕೈ ಒರಗಿಸಿದೆ. ಕಣ್ಣು ತಗ್ಗಿಸಿದೆ. ನಾಚಿಕೆಯಾಯಿತು. ಹೋಗುವವರು ಬರುವವರು ನನ್ನ ಕಾಲು ದಾಟಿಕೊಂಡು ಹೋಗುತ್ತಿದ್ದರು. ಯಾರೋ ಭಿಕ್ಷುಕಿಯೆಂದು ಗದರಿಸಿದರು. ನಾನು ಏಳಲಿಲ್ಲ. ಒಳಗಿನಿಂದ ಆಕೆಯ ಕೂಗು ಕೇಳುತ್ತಿತ್ತು. ಅದು ಯಾವ ಭಾಷೆಯ ಕೂಗೂ ಆಗಿರಲಿಲ್ಲ.

ಮಗಳ ಹೆರಿಗೆಗೆಂದು ಬಂದಿದ್ದ ಮುದುಕಿಯೊಬ್ಬಳು ನನ್ನ ಮುಂದೆ ನಿಂತಳು. "ಒಳಗೆ ಯಾರು ಮಾರಾಯ್ತಿ? ತಂಗೀನಾ?"

"ಹೌದು," ಎಂದೆ.

"ಬಟ್ಲು ಎಂತಕ್ಕೆ?"

"ಹೆರಿಗೆ ಸಸೂತ್ರ ಆಗ್ಲಿ ಅಂತ ಇಟ್ಕೊಂಡು ಕೂತಿದೀನಿ. ಬಂದೋರು ಏನಾದ್ರೂ ಹಾಕ್ತಾರೆ."

ಮುದುಕಿ ಹೆಚ್ಚು ಕೇಳಲಿಲ್ಲ. ಸೊಂಟದ ಸಂಚಿ ಬಿಚ್ಚಿ ಒಂದು ಅಡಿಕೆ ಹೋಳು ಹಾಕಿದಳು. "ಒಳ್ಳೇದಾಗ್ಲಿ." ಅವಳನ್ನು ಕಂಡು ಇನ್ನೊಬ್ಬಳು ತಲೆಯಿಂದ ಹೂವಿನ ಎಸಳು ಕಿತ್ತು ಹಾಕಿದಳು. ಕಸ ಗುಡಿಸುವವಳು ಬಂದು, ಏನೂ ಕೇಳದೆ, ಒಂದು ಹಿಡಿ ಪುರಿ ಹಾಕಿ ಹೋದಳು. ಪುಟ್ಟ ಬಟ್ಟಲು ತುಂಬಿತು. ಬಿಳಿ ಮಣ್ಣು ಅಡಿಯಲ್ಲಿ ಮುಚ್ಚಿಹೋಯಿತು.

ಆಗಲೇ ನನ್ನ ಗಂಡನ ಮನೆಯ ಕಡೆಯ ಹೆಂಗಸೊಬ್ಬಳು ನನ್ನನ್ನು ಗುರುತಿಸಿದಳು. ಅವಳು ಪಕ್ಕದ ಬೆಂಚಿನಲ್ಲಿ ಕೂತು ಮೆಲ್ಲಗೆ ಮಾತಾಡಿದಳು, ಆದರೆ ನನಗೆ ಕೇಳದಷ್ಟು ಮೆಲ್ಲಗೆ ಅಲ್ಲ. "ಇವ್ಳು ಸಾಗರದೋಳು. ಮಕ್ಳಾಗ್ದೆ ಬಿಟ್ಟಿದ್ದು. ಇಂಥೋಳು ಬಂದು ಹೆರಿಗೆ ಬಾಗ್ಲಲ್ಲಿ ಕೂತಿದಾಳಲ್ಲ!" ಮುದುಕಿ ತನ್ನ ಜಾಗದಿಂದ ನನ್ನ ಕಡೆ ನೋಡಿದಳು. ಇನ್ನೊಬ್ಬಳು ಎದ್ದು ದೂರ ಹೋಗಿ ನಿಂತಳು.

ಏಳಬೇಕೆಂದು ಕಾಲು ಮಡಿಸಿದೆ. ಒಳಗಿನ ಕೂಗು ನಿಂತುಬಿಟ್ಟಿತ್ತು. ಏನಾಯಿತೆಂದು ತಿಳಿಯದೆ ಎದ್ದುಹೋಗಲು ಆಗಲಿಲ್ಲ. ಮತ್ತೆ ಕಾಲು ಚಾಚಿದೆ.

ಇಂಜಿನಿಯರ್ ಇಬ್ಬರನ್ನು ರಕ್ತಕ್ಕೆ ಕರೆದುಕೊಂಡು ಬರುವ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. ವಯಸ್ಸಾದ ಹೆಂಗಸು. ನೆಲದ ಮೇಲಿದ್ದ ನನ್ನನ್ನು ದಾಟಿ ಇಂಜಿನಿಯರರ ಹತ್ತಿರ ಹೋಗಿ ಹೆಗಲ ಮೇಲೆ ಕೈ ಇಟ್ಟರು. "ಹೆಣ್ಣು ಮಗು. ಉಸಿರಾಡಲಿಲ್ಲ," ಎಂದರು. "ತಾಯಿನ ಉಳಿಸ್ಕೊಳ್ಳೋಕೆ ನೋಡ್ತಿದೀವಿ."

ಬೆಂಚಿನ ಕಡೆಯಿಂದ ಒಂದು ನಿಟ್ಟುಸಿರು ಬಂತು, ಅದರ ಹಿಂದೆಯೇ, "ನಾ ಹೇಳ್ಲಿಲ್ವಾ?"

ಇಷ್ಟು ವರ್ಷಗಳಲ್ಲಿ ನನ್ನ ಬಗ್ಗೆ ಜನ ಆಡಿದ ಮಾತನ್ನು ನಾನು ಪೂರ್ತಿಯಾಗಿ ನಂಬಿದ್ದು ಆ ಗಳಿಗೆಯಲ್ಲಿ ಮಾತ್ರ. ಹೊಸ ಮೂರ್ತಿ ಸೀಳಿದ್ದು, ಎಡಗೈ ಹಾಳಾದದ್ದು, ಈಗ ಇದು. ಬಟ್ಟಲನ್ನು ಅಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿಗೆ ಓಡಬೇಕೆನ್ನಿಸಿತು. ಆದರೆ ಆಕೆ ಇನ್ನೂ ಒಳಗೇ ಇದ್ದಳು. ಡಾಕ್ಟರು ನೋಡ್ತಿದೀವಿ ಎಂದಿದ್ದರು. ಬಾಗಿಲು ಬಿಟ್ಟರೆ ಬಾಗಿಲಲ್ಲಿ ಯಾರೂ ಇರುವುದಿಲ್ಲ. ಅಷ್ಟೇ ಯೋಚನೆ ಬಂದದ್ದು. ಕಣ್ಣು ಮುಚ್ಚಿ ಕೂತೆ. ಅತ್ತೆನೋ ಇಲ್ಲವೋ ನೆನಪಿಲ್ಲ.

ಮಧ್ಯಾಹ್ನ ಇಳಿದ ಮೇಲೆ ನರ್ಸ್ ಬಂದು ಭುಜ ಅಲುಗಿಸಿದಳು. "ಗುಡಿಗಾರ್ತಿ ಅಂದ್ರೆ ನೀವಾ? ಕರೀತಿದಾರೆ."

ಕಾಲಿಗೆ ಜೋಮು ಹಿಡಿದಿತ್ತು, ಗೋಡೆ ಹಿಡಿದು ಎದ್ದು ಒಳಗೆ ಹೋದೆ. ಆಕೆ ಮಂಚದ ಮೇಲೆ ಬೂದಿಬಣ್ಣಕ್ಕೆ ತಿರುಗಿ ಮಲಗಿದ್ದಳು. ಗಂಡ ಕಾಲ ಬಳಿ ನಿಂತಿದ್ದರು. ಕ್ಷಮಿಸಿ ಎನ್ನಬೇಕೆಂದಿದ್ದೆ. ಬಟ್ಟಲನ್ನು ಮುಂದೆ ಹಿಡಿದೆ. ಆಕೆ ಅದರೊಳಗೆ ಬೆರಳಿಟ್ಟು ನೋಡಿದಳು: ಅಡಿಕೆ, ಎಸಳು, ಪುರಿ.

"ಹಾಕಿದ್ರಾ?" ಎಂದಳು.

"ಹಾಕಿದ್ರು."

"ಅಲ್ಲಿ ಯಾರೂ ಹಾಕ್ಲಿಲ್ಲ," ಎಂದಳು. ಕಣ್ಣಿನ ಬದಿಯಿಂದ ನೀರು ದಿಂಬಿಗೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

ಆಮೇಲೆ ಪುರಿಯನ್ನು ಸರಿಸಿ, ಅಡಿಯ ಬಿಳಿ ಮಣ್ಣನ್ನು ಹುಡುಕಿ ತೆಗೆದಳು. ಉಗುಳು ಹಚ್ಚಿ ಒದ್ದೆ ಮಾಡಿ, ನನ್ನ ಬಲ ಮುಂಗೈ ಹಿಡಿದು, ಮಣಿಕಟ್ಟಿನಿಂದ ಮೊಣಕೈವರೆಗೆ ಎಳೆದಳು. ಆಮೇಲೆ ಎಡಗೈ. ಬೆರಳಿನಲ್ಲಿ ಶಕ್ತಿಯಿರಲಿಲ್ಲ, ಗೆರೆ ನಡುನಡುವೆ ನಿಂತು ಹೋಗುತ್ತಿತ್ತು. ಒಳ್ಳೆಯ ಸುದ್ದಿಗೆ ಹಚ್ಚುವುದಲ್ಲವೇ ಇದು, ಈಗ ಎಂಥ ಒಳ್ಳೆಯ ಸುದ್ದಿ ಎಂದು ಕೈ ಎಳೆದುಕೊಳ್ಳಲು ನೋಡಿದೆ. ಆಕೆ ಬಿಡಲಿಲ್ಲ.

"ನಾನು ಹೋಗ್ತಾ ಇದ್ದೆ," ಎಂದಳು. "ಬಹಳ ದೂರ. ನೀ ಹಿಡ್ಕೊಂಡೆ."

ಇಂಜಿನಿಯರ್ ಮುಖ ತಿರುಗಿಸಿ ಕಿಟಕಿಯ ಕಡೆ ನಿಂತರು. ನಾನು ಹೊರಡುವಾಗ ಆಕೆ ಇನ್ನೊಂದು ಮಾತು ಹೇಳಿದಳು: "ಆ ಹೆಂಗ್ಸಿಗೆ ಕೈ ಹಾಕು. ನಿಧಾನ. ಇನ್ನು ಅವಸರ ಇಲ್ಲ."

ಹಾಕಿದೆ. ಮುಂದಿನ ತಿಂಗಳು ಕಾಲೋನಿಗೆ ಹೋಗಿ ಎರಡೂ ಕೈ, ಬಟ್ಟಲು ಕೂರಿಸಿಕೊಟ್ಟೆ. ಸುಟ್ಟ ಕೆನ್ನೆ ಹಾಗೇ ಇತ್ತು. ಹಲಸಿನ ಕೈಗಳು ಹಳದಿಯಾಗಿ ಎದ್ದು ಕಾಣುತ್ತಿದ್ದವು. ಬಣ್ಣ ಹಾಕಲೇ ಎಂದದ್ದಕ್ಕೆ ಬೇಡ, ಎಣ್ಣೆ ಹಚ್ಚುತ್ತಾ ಇದ್ದರೆ ತಾನೇ ಕಪ್ಪಾಗುತ್ತದೆ ಎಂದಳು. ಆ ವರ್ಷವೇ ಅವರಿಗೆ ಬೇರೆ ಕಡೆ ಕೆಲಸವಾಗಿ ಹೋದರು. ಮತ್ತೆ ನಾನು ಅವರನ್ನು ನೋಡಲಿಲ್ಲ.

ಆಸ್ಪತ್ರೆಯಿಂದ ಹೊರಟ ಆ ಸಂಜೆ ಸಾಗರಕ್ಕೆ ಹೋಗುವ ಬಸ್ಸು ತುಂಬಿತ್ತು. ಮುಂಗೈಯ ಬಿಳಿ ಒಣಗಿ ಚರ್ಮ ಬಿಗಿಯುತ್ತಿತ್ತು. ತೊಳೆದುಕೊಳ್ಳಲು ಆಸ್ಪತ್ರೆಯ ನಲ್ಲಿಯವರೆಗೆ ಹೋದವಳು ಹಾಗೇ ಬಂದಿದ್ದೆ. ರಿಪ್ಪನ್‌ಪೇಟೆಯಲ್ಲಿ ಹತ್ತಿದ ಹೆಂಗಸೊಬ್ಬಳಿಗೆ ಪಕ್ಕದಲ್ಲಿ ಜಾಗ ಕೊಟ್ಟೆ. ಮಡಿಲಲ್ಲಿ ಎಳೆ ಕೂಸು. ಅವಳು ನನ್ನ ಕೈಗಳನ್ನು ನೋಡಿದಳು, ಮತ್ತೆ ನೋಡಿದಳು.

"ಎಂತ ಅದು, ಕೈಗೆ ಹಚ್ಕಂಡಿದ್ದು?"

ಮಾಮೂಲಾಗಿ ಕೂಸು ಹೊತ್ತವರ ಪಕ್ಕದಲ್ಲಿ ಕೂತಾಗ ನಾನು ಕಿಟಕಿಯ ಕಡೆ ತಿರುಗಿಬಿಡುತ್ತಿದ್ದೆ. ಅಂದು ತಿರುಗಲಿಲ್ಲ.

"ಬಾಣಂತಿ ಹಚ್ಚಿದ್ದು," ಎಂದೆ.